ಓದುಗರ ಕಂಪ್ಯೂಟರ್ ಕಷ್ಟ: ಹಳದಿ ತ್ರಿಕೋನದ ಸುತ್ತ

ಈ ತಿಂಗಳು ಬಂದ ಕಾಗದ, ವಾಟ್ಸಾಪ್ ಎರಡನ್ನೂ ಗುಡ್ಡೆ ಹಾಕಿಕೊಂಡು ಕೂತೆ. ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳು: ಡ್ರೈವರ್ ಎರರ್. ಡ್ರೈವರ್ ಅಂದರೆ ಪ್ರಿಂಟರ್, ಸ್ಪೀಕರ್ ಥರದ ಯಂತ್ರದ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಾಫ್ಟ್‌ವೇರ್. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಉತ್ತರಕ್ಕೆ ಮುಂಚೆ ನನ್ನ ಗೋಳೂ ಒಂದು ಕೇಳಿ. ಬಹಳಷ್ಟು ಜನ 'ಏನೋ ಎರರ್ ಬರುತ್ತೆ' ಅಂತ ಬರೆದಿದ್ದೀರಿ. ಸಾಗರದ ನನ್ನ ಅಂಗಡಿಗೆ ಬರುವವರೂ ಹೀಗೇ. ಸಿಪಿಯು ಹೊತ್ತು ತಂದು ಮೇಜಿನ ಮೇಲೆ ಕುಕ್ಕಿ, 'ಏನೋ ಬಂತು, ಓಕೆ ಒತ್ತಿದೆ, ಹೋಯ್ತು' ಅನ್ನುತ್ತಾರೆ. ಆ 'ಏನೋ' ಏನು ಅನ್ನುವುದೇ ನನಗೆ ಬೇಕಾದದ್ದು. ಸ್ಟಾರ್ಟ್ ಬಟನ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನ ಇರುವ ಸಾಲಿನ ಮೇಲೆ ಎರಡು ಸಲ ಒತ್ತಿ. ಡಿವೈಸ್ ಸ್ಟೇಟಸ್ ಅನ್ನುವ ಚೌಕದಲ್ಲಿ ಕೋಡ್ ಅಂತ ಒಂದು ನಂಬರ್ ಇರುತ್ತದೆ. ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡರೂ ಸಾಕು.

28 ಅಂದರೆ ಡ್ರೈವರ್ ಹಾಕೇ ಇಲ್ಲ. 22 ಅಂದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಒತ್ತಿದರೆ ಮುಗಿಯಿತು. 10 ಅಂದರೆ ಡ್ರೈವರ್ ಇದೆ, ಆದರೆ ಯಂತ್ರ ಶುರುವಾಗುತ್ತಿಲ್ಲ. 43 ಅಂದರೆ ಯಂತ್ರವೇ ತನಗೆ ಹುಷಾರಿಲ್ಲ ಅಂದಿದೆ, ವಿಂಡೋಸ್ ಅದನ್ನು ನಿಲ್ಲಿಸಿದೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ನಂಬರ್ ನೋಡದೆ ಸುಮ್ನೆ ಡ್ರೈವರ್ ಮೇಲೆ ಡ್ರೈವರ್ ಹಾಕುತ್ತಾ ಹೋದರೆ ಇದ್ದದ್ದೂ ಕೆಡುತ್ತದೆ.

ಇನ್ನೊಂದು ಮಾತು. ಮೂರು ಕಾಗದ 'ಮಾನ್ಯ ಸರ್' ಅಂತ ಶುರುವಾಗಿವೆ. ಸರ್ ಅಲ್ಲ, ಮೇಡಂ. ಅಕ್ಕ ಅಂದರೂ ನಡೆಯುತ್ತದೆ.

ಪ್ರಶ್ನೆ: ನಮ್ಮದು ಹಾಲು ಉತ್ಪಾದಕರ ಸಹಕಾರ ಸಂಘ. ತೂಕದ ಯಂತ್ರವನ್ನು ಕಂಪ್ಯೂಟರ್‌ಗೆ ಜೋಡಿಸಿದ್ದೆವು. ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಒಂಬತ್ತು ಪಿನ್ನಿನ ಕಿಂಡಿಯೇ ಇಲ್ಲ. ಅದಕ್ಕೆ ಯುಎಸ್‌ಬಿ ಕೇಬಲ್ ತಂದು ಹಾಕಿದರೆ ಹಳದಿ ತ್ರಿಕೋನ, ಕೋಡ್ 10. ಬೆಳಗ್ಗೆ ಆರಕ್ಕೇ ಜನ ಕ್ಯಾನ್ ಹಿಡಿದು ನಿಲ್ಲುತ್ತಾರೆ. ಪುಸ್ತಕದಲ್ಲಿ ಬರೆದು ಬರೆದು ಸಾಕಾಗಿದೆ. - ಸಂಘದ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಕಾರ್ಯದರ್ಶಿಗಳೇ, ನಂಬರ್ ಬರೆದ ಒಬ್ಬರೇ ಒಬ್ಬರು ನೀವು. ಹಾಗಾಗಿ ಮೊದಲ ಉತ್ತರ ನಿಮಗೇ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ಸಾಲಿನ ಕೆಳಗೆ ಯಂತ್ರದ ಹೆಸರು ಇರಬೇಕಾದ ಜಾಗದಲ್ಲಿ 'ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012, ಪ್ಲೀಸ್ ಕಾಂಟ್ಯಾಕ್ಟ್ ಯುವರ್ ಸಪ್ಲೈಯರ್' ಅಂತ ಇದೆ. ಅದು ಹೆಸರಲ್ಲ, ಬೈಗುಳ. ಕೇಬಲ್‌ನ ದಪ್ಪ ತುದಿಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಯುಎಸ್‌ಬಿಯನ್ನು ಹಳೆಯ ಸೀರಿಯಲ್ ಪೋರ್ಟಿನ ಭಾಷೆಗೆ ಬದಲಿಸುವುದು ಅದೇ. ತೈವಾನಿನ ಪ್ರೊಲಿಫಿಕ್ ಕಂಪನಿ ಮಾಡುತ್ತಿದ್ದ ಈ ಚಿಪ್‌ಗೆ ಮಾರುಕಟ್ಟೆಯಲ್ಲಿ ಬೇಕಾದಷ್ಟು ನಕಲು ಬಂದವು. ಕಂಪನಿ ಹಳೆಯ ಚಿಪ್ ಮಾಡುವುದನ್ನು ನಿಲ್ಲಿಸಿತು. ಹೊಸ ಡ್ರೈವರ್ ಅಂಥ ಚಿಪ್ ಕಂಡ ಕೂಡಲೇ 'ನಿನ್ನನ್ನು ಓಡಿಸಲ್ಲ' ಅನ್ನುವ ಹಾಗೆ ಬರೆಯಿತು. ನಿಮ್ಮ ಕೇಬಲ್ ಸತ್ತಿಲ್ಲ. ಡ್ರೈವರ್ ಅದಕ್ಕೆ ಬಾಗಿಲು ಹಾಕಿದೆ, ಅಷ್ಟೇ.

ಇವತ್ತೇ ಕೆಲಸ ಆಗಬೇಕು ಅಂದರೆ ಹಿಂದಿನ ಡ್ರೈವರ್‌ಗೆ ಹೋಗಬೇಕು. ಆ ಸಾಲಿನ ಪ್ರಾಪರ್ಟೀಸ್, ಅದರಲ್ಲಿ ಡ್ರೈವರ್, ಅಪ್‌ಡೇಟ್ ಡ್ರೈವರ್, 'ಬ್ರೌಸ್ ಮೈ ಕಂಪ್ಯೂಟರ್', ಆಮೇಲೆ 'ಲೆಟ್ ಮಿ ಪಿಕ್'. ಅಲ್ಲಿ ಒಂದೇ ಡ್ರೈವರಿನ ಎರಡು ಮೂರು ಆವೃತ್ತಿ ಕಾಣಿಸಿದರೆ 2008ರದ್ದನ್ನು ಆರಿಸಿ. ಹಳೆಯದು ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್ ಜೊತೆ ಬಂದ ಸಿಡಿಯಲ್ಲಿ ಹುಡುಕಿ. ಆದರೆ ಇದು ತೇಪೆ. ವಿಂಡೋಸ್ ಅಪ್‌ಡೇಟ್ ಆದ ದಿನ ಹೊಸ ಡ್ರೈವರ್ ಮತ್ತೆ ಬಂದು ಕೂರಬಹುದು. ಆಗ ನೀವು ಮತ್ತೆ ಪುಸ್ತಕ ಹಿಡಿಯುತ್ತೀರಿ. ಎಫ್‌ಟಿಡಿಐ ಅನ್ನುವ ಇನ್ನೊಂದು ಕಂಪನಿಯ ಚಿಪ್ ಇರುವ ಒಳ್ಳೆಯ ಕೇಬಲ್ ಒಂದು ತರಿಸಿಬಿಡಿ. ಅದರಲ್ಲೂ ಅಸಲಿಯೇ ಬೇಕು. 2014ರಲ್ಲಿ ಆ ಕಂಪನಿಯ ಡ್ರೈವರ್ ನಕಲಿ ಚಿಪ್ ಸಿಕ್ಕರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ದೊಡ್ಡ ಗಲಾಟೆಯಾಗಿ ಆ ಡ್ರೈವರನ್ನು ವಾಪಸ್ ತೆಗೆದರು. ನಕಲು ಮಾಡಿದವನ ಸಿಟ್ಟನ್ನು ಕೊಂಡವನ ಮೇಲೆ ತೀರಿಸಿದ ಹಾಗೆ, ಅಲ್ವಾ?

ತ್ರಿಕೋನ ಹೋದ ಮೇಲೆ ಇನ್ನೊಂದು ಗುಂಡಿ ಇದೆ, ಅದರಲ್ಲಿ ಬೀಳಬೇಡಿ. ನಮ್ಮ ತಾಲ್ಲೂಕಿನ ಒಂದು ಸಂಘಕ್ಕೆ ಇದೇ ಕೆಲಸಕ್ಕೆ ಹೋಗಿದ್ದೆ. ಬೆಳಗಿನ ಚಳಿ, ಹೊರಗೆ ಸಾಲು. ಕೇಬಲ್ ಹೊಸದು, ತ್ರಿಕೋನ ಇಲ್ಲ, ಎಲ್ಲ ಸರಿ. ತಟ್ಟೆಯ ಮೇಲೆ ಹಾಲಿನ ಕ್ಯಾನ್ ಇಟ್ಟರೆ ಯಂತ್ರದ ಕೆಂಪು ಅಂಕಿ 4.35 ಅನ್ನುತ್ತದೆ. ಕಂಪ್ಯೂಟರ್ ಮಾತ್ರ 0.00 ಬಿಟ್ಟು ಅಲ್ಲಾಡುವುದಿಲ್ಲ. ಸಾಲಿನಲ್ಲಿದ್ದ ಒಬ್ಬ ಅಜ್ಜಿ, 'ನನ್ ಹಾಲು ಸೊನ್ನೆನಾ ತಂಗೀ?' ಅಂದರು. ಆಗಿದ್ದು ಇಷ್ಟು. ಹೊಸ ಕೇಬಲ್‌ಗೆ ವಿಂಡೋಸ್ ಕಾಮ್ 7 ಅನ್ನುವ ಪೋರ್ಟ್ ನಂಬರ್ ಕೊಟ್ಟಿತ್ತು. ಹಾಲಿನ ಸಾಫ್ಟ್‌ವೇರ್ ಕಾಮ್ 1ರಲ್ಲಿ ಕಿವಿಯಿಟ್ಟು ಕೂತಿತ್ತು. ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಕಾಮ್ ಪೋರ್ಟ್ ನಂಬರ್ ಅಂತ ಇದೆ. ಅದನ್ನು 1 ಮಾಡಿದೆ. ಪಕ್ಕದಲ್ಲಿ 'ಇನ್ ಯೂಸ್' ಅಂತ ತೋರಿಸಿತು. ಯಾವಾಗಲೋ ಹಾಕಿ ತೆಗೆದ ಯಂತ್ರದ ಹೆಸರಲ್ಲಿ ಹೀಗೆ ಉಳಿದಿರುತ್ತದೆ. ಆ ನಂಬರಿನಲ್ಲಿ ಈಗ ಬೇರೆ ಏನೂ ಜೋಡಿಸಿಲ್ಲ ಅಂತ ಖಾತ್ರಿ ಇದ್ದರೆ ಹೆದರಬೇಕಿಲ್ಲ. ಸಾಫ್ಟ್‌ವೇರ್ ಮುಚ್ಚಿ ತೆರೆದ ಕೂಡಲೇ ಅಂಕಿ ಬಂತು.

ಕೇಬಲ್ ಯಾವ ಯುಎಸ್‌ಬಿ ಕಿಂಡಿಯಲ್ಲಿದೆಯೋ ಅದಕ್ಕೆ ಬಣ್ಣದ ಟೇಪ್ ಅಂಟಿಸಿ. ಕಸ ಗುಡಿಸುವವರು ಕಿತ್ತು ಬೇರೆ ಕಿಂಡಿಗೆ ಹಾಕಿದರೆ ಕಾಮ್ ನಂಬರ್ ಮತ್ತೆ ಬದಲಾಗುವುದುಂಟು.

ಪ್ರಶ್ನೆ: ಮಗ ಪುಣೆಯಿಂದ ಬಂದಾಗ ಹೊಸ ಮಾನಿಟರ್ ತಂದುಕೊಟ್ಟ. ಅಂದಿನಿಂದ ಕಂಪ್ಯೂಟರಿನಲ್ಲಿ ಸದ್ದೇ ಇಲ್ಲ. ನಾನು ಬೆಳಗ್ಗೆ ಮನಸೂರರ ಹಳೆಯ ಧ್ವನಿಮುದ್ರಣ ಕೇಳುವವ. ಸೌಂಡ್ ಡ್ರೈವರ್ ಎರಡು ಸಲ ತೆಗೆದು ಹಾಕಿದೆ. ತ್ರಿಕೋನ ಎಲ್ಲೂ ಇಲ್ಲ. - ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮೇಷ್ಟ್ರೇ, ನಿಮ್ಮ ಡ್ರೈವರ್ ಗಟ್ಟಿಮುಟ್ಟಾಗಿದೆ. ಸದ್ದು ಮಾನಿಟರ್‌ಗೆ ಹೋಗುತ್ತಿದೆ. ಎಚ್‌ಡಿಎಂಐ ವೈರಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ಹೊಸ ಮಾನಿಟರ್ ಕಂಡ ಕೂಡಲೇ ವಿಂಡೋಸ್ 'ಇವರೇ ಇನ್ನು ಹಾಡುವವರು' ಅಂದುಕೊಂಡಿದೆ. ಆದರೆ ಆ ಮಾನಿಟರ್‌ಗೆ ಸ್ಪೀಕರ್ ಇರಲಿಕ್ಕಿಲ್ಲ. ಕೆಳಗೆ ಬಲ ಮೂಲೆಯ ಸ್ಪೀಕರ್ ಗುರುತು ಒತ್ತಿ, ಪಕ್ಕದ ಬಾಣ ಒತ್ತಿ. ಎರಡು ಹೆಸರು ಕಾಣುತ್ತವೆ. ಮಾನಿಟರಿನ ಹೆಸರು ಬಿಟ್ಟು ಸ್ಪೀಕರ್ಸ್ ಅಂತ ಇರುವುದನ್ನು ಆರಿಸಿ.

ನಿಮ್ಮ ಹಾಗೆ ಬರೆದ ಇನ್ನಿಬ್ಬರಿಗೆ ಅಪ್‌ಡೇಟ್ ಆದ ಮರುದಿನ ಸದ್ದು ಹೋಗಿದೆ. ಅದು ಬೇರೆ ಸಂಗತಿ. ಅವರು ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಬೇಕು, ಹಿಂದಿನ ಡ್ರೈವರ್ ವಾಪಸ್ ಬರುತ್ತದೆ. ಆ ಗುಂಡಿ ಮಂಕಾಗಿದ್ದರೆ ಹಿಂದಿನದು ಉಳಿದಿಲ್ಲ ಅಂತ ಅರ್ಥ. ಆಗ 'ಲೆಟ್ ಮಿ ಪಿಕ್' ದಾರಿಯಲ್ಲೇ ಹೋಗಿ 'ಹೈ ಡೆಫಿನಿಷನ್ ಆಡಿಯೊ ಡಿವೈಸ್' ಅನ್ನುವುದನ್ನು ಆರಿಸಿ. ವಿಂಡೋಸ್ ಜೊತೆಗೇ ಬರುವ ಸಾದಾ ಡ್ರೈವರ್ ಅದು. ಬೆಡಗು ಇಲ್ಲ, ಹಾಡು ಕೇಳುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ನಾನೇ ಧೈರ್ಯ ಮಾಡಿ ಹೊಸದಾಗಿ ವಿಂಡೋಸ್ ಹಾಕಿದೆ. ಎಲ್ಲ ಚೆನ್ನಾಗಿದೆ, ವೈಫೈ ಮಾತ್ರ ಇಲ್ಲ. 'ನೆಟ್‌ವರ್ಕ್ ಕಂಟ್ರೋಲರ್' ಅಂತ ಹಳದಿ ಗುರುತು. ಡ್ರೈವರ್ ಇಳಿಸಿಕೊಳ್ಳಿ ಅನ್ನುತ್ತದೆ. ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು! - ಗೃಹಿಣಿ, ಹುಬ್ಬಳ್ಳಿ

ಉತ್ತರ: ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ ಅನ್ನುವ ಗಾದೆ ನಿಮಗಾಗಿಯೇ ಹುಟ್ಟಿದ ಹಾಗಿದೆ. ಬಿಡಿಸುವುದು ಸುಲಭ. ನಿಮ್ಮ ಆಂಡ್ರಾಯ್ಡ್ ಫೋನನ್ನು ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪ್‌ಗೆ ಚುಚ್ಚಿ. ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ವೈರ್ ಮೂಲಕ ನೆಟ್ ಬರುತ್ತದೆ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ಬರೀ ಚಾರ್ಜ್ ಆಗುವ ಅಗ್ಗದ ವೈರ್ ಆದರೆ ಆಗಲ್ಲ, ಫೋಟೋ ಕಾಪಿ ಆಗುವ ವೈರ್ ಬೇಕು. ಆಮೇಲೆ ವಿಂಡೋಸ್ ಅಪ್‌ಡೇಟ್ ಒತ್ತಿ ಚಹಾ ಕುಡಿದು ಬನ್ನಿ. ಎಷ್ಟೋ ಸಲ ಅಷ್ಟರಲ್ಲೇ ವೈಫೈ ಬಂದಿರುತ್ತದೆ.

ಬರದಿದ್ದರೆ ಯಂತ್ರದ ಜಾತಕ ನೋಡಬೇಕು. ತ್ರಿಕೋನದ ಸಾಲಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್‌ಗೆ ಹೋಗಿ, ಮೇಲಿನ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿ. ಉದ್ದನೆಯ ಒಂದು ಸಾಲು ಬರುತ್ತದೆ. ಅದರಲ್ಲಿ ವೆನ್ ಅಂತ ಇರುವ ಕಡೆ ನಾಲ್ಕು ಅಕ್ಷರ ನೋಡಿ. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 10ಡಿಇ ಇದ್ದರೆ ಎನ್‌ವಿಡಿಯಾ. ಡೆವ್ ಅಂತ ಇರುವ ಕಡೆಯ ನಾಲ್ಕು ಅಕ್ಷರ ಆ ಕಂಪನಿಯ ಯಾವ ಚಿಪ್ ಅನ್ನುವುದು. ನಾನು ಅಂಗಡಿಯಲ್ಲಿ ಮೊದಲು ನೋಡುವುದು ಇದನ್ನೇ. ಡಬ್ಬದ ಮೇಲಿನ ಸ್ಟಿಕ್ಕರ್ ಸುಳ್ಳು ಹೇಳಬಹುದು, ಈ ಸಾಲು ಹೇಳುವುದು ಕಮ್ಮಿ.

ಡ್ರೈವರ್ ತರುವುದು ಮಾತ್ರ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಜಾಲತಾಣದಿಂದಲೇ. ಅಡಿಭಾಗದ ಸ್ಟಿಕ್ಕರಿನ ಸೀರಿಯಲ್ ನಂಬರ್ ಹಾಕಿದರೆ ನಿಮ್ಮ ಮಾಡೆಲ್‌ನದ್ದೇ ಪಟ್ಟಿ ಬರುತ್ತದೆ. ಜೋಡಿಸಿ ಮಾಡಿದ ಡೆಸ್ಕ್‌ಟಾಪ್ ಇರುವವರು ಸ್ಟಾರ್ಟ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದು 'ಬೇಸ್‌ಬೋರ್ಡ್ ಪ್ರಾಡಕ್ಟ್' ಸಾಲು ನೋಡಿ. ಮದರ್‌ಬೋರ್ಡಿನ ಹೆಸರು ಅಲ್ಲಿದೆ, ಡಬ್ಬ ಬಿಚ್ಚಬೇಕಾಗಿಲ್ಲ.

ಪ್ರಶ್ನೆ: ಒಂದು ಉಚಿತ ಪ್ರೋಗ್ರಾಂ ನನ್ನ ಕಂಪ್ಯೂಟರ್ ಪರೀಕ್ಷೆ ಮಾಡಿ 27 ಡ್ರೈವರ್ ಹಳೆಯದಾಗಿವೆ, ಅಪಾಯ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತಿದೆ. ಸರಿ ಮಾಡಲು ದುಡ್ಡು ಕೇಳುತ್ತಿದೆ. ಕೊಡಲೇ? - ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಕೊಡಬೇಡಿ. ಆ ಪ್ರೋಗ್ರಾಮನ್ನೂ ತೆಗೆದುಹಾಕಿ.

ಡ್ರೈವರ್ ಹಳೆಯದು ಅನ್ನುವುದೇ ರೋಗ ಅಲ್ಲ. ಒಂದು ತಮಾಷೆ ನೋಡಿ. ವಿಂಡೋಸ್ ಜೊತೆ ಬರುವ ಸಾದಾ ಡ್ರೈವರ್‌ಗಳ ತಾರೀಕು ನೋಡಿದರೆ 21 ಜೂನ್ 2006 ಅಂತ ಇರುತ್ತದೆ. ಹೋದ ವರ್ಷ ಬರೆದದ್ದಾದರೂ ಅದೇ ತಾರೀಕು. ಬೇಕಂತಲೇ ಹಾಗೆ ಇಟ್ಟಿದ್ದಾರೆ. ಯಂತ್ರದ ಕಂಪನಿ ತನ್ನದೇ ಡ್ರೈವರ್ ಕೊಟ್ಟರೆ ಅದೇ ಹೊಸದು ಅಂತ ವಿಂಡೋಸ್ ಎತ್ತಿಕೊಳ್ಳಲಿ ಅನ್ನುವ ಲೆಕ್ಕ. ಇಂಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಕೆಲವು ಚಿಪ್‌ಸೆಟ್ ಡ್ರೈವರ್‌ಗಳಿಗೆ 18 ಜುಲೈ 1968 ಅಂತ ತಾರೀಕು. ಅವತ್ತು ಇಂಟೆಲ್ ಕಂಪನಿ ಹುಟ್ಟಿದ ದಿನ! ಈ ತಾರೀಕುಗಳನ್ನು ತೋರಿಸಿ 'ಅಯ್ಯೋ 1968ರದ್ದು' ಅಂತ ಹೆದರಿಸುವುದಕ್ಕೆ ಏನು ಕಷ್ಟ? ನಿಮ್ಮ ಅಂಗಡಿಗೆ ಯಾರಾದರೂ ಬಂದು 'ಈ ಸೀರೆಯ ಅಂಚು ಹಳೆಯ ಕಾಲದ್ದು, ದುಡ್ಡು ಕೊಡಿ ಬದಲಿಸುತ್ತೇನೆ' ಅಂದರೆ ಒಳಗೆ ಬಿಡುತ್ತೀರಾ?

ಪ್ರಶ್ನೆ: ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್ ಇದೆ. ಮೇಜು ಜರುಗಿಸಿದ ಮೇಲೆ ಪ್ರಿಂಟ್ ಕೊಟ್ಟರೆ ಹಾಳೆ ಬರುತ್ತಿಲ್ಲ. ಡ್ರೈವರ್ ನಾಲ್ಕು ಸಲ ಹಾಕಿದೆ. ಈಗ ಪಟ್ಟಿಯಲ್ಲಿ ನಾಲ್ಕು ಪ್ರಿಂಟರ್ ಕಾಣಿಸುತ್ತಿವೆ, ಇರುವುದು ಒಂದೇ! - ಶಿಕ್ಷಕಿ, ಮಂಡ್ಯ

ಉತ್ತರ: ಮೇಜು ಜರುಗಿಸಿದಾಗ ಯುಎಸ್‌ಬಿ ವೈರ್ ಕಿತ್ತು ಬೇರೆ ಕಿಂಡಿಗೆ ಹಾಕಿದ್ದೀರಿ, ಹೌದು ತಾನೇ? ವಿಂಡೋಸ್‌ಗೆ ಅದು ಬೇರೆ ಪ್ರಿಂಟರ್. 'ಕಾಪಿ 1' ಅಂತ ಹೊಸ ಹೆಸರು ಇಟ್ಟಿತು. ನೀವು ಕೊಟ್ಟ ಪ್ರಿಂಟ್ ಹಳೆಯ ಹೆಸರಿಗೇ ಹೋಗಿ, ಯಾರೂ ಇಲ್ಲದ ಮನೆ ಬಾಗಿಲು ಬಡಿಯುತ್ತಿದೆ. ಅದಾದ ಮೇಲೆ ನೀವು ಹಾಕಿದ ಒಂದೊಂದು ಡ್ರೈವರ್‌ಗೂ ಒಂದೊಂದು ಹೆಸರು ಹುಟ್ಟಿದೆ.

ಮೊದಲು ಮಧ್ಯದಲ್ಲಿ ಸಿಕ್ಕಿಕೊಂಡಿರುವ ಪ್ರಿಂಟ್‌ಗಳನ್ನು ಬಿಡಿಸಿ. ಸ್ಟಾರ್ಟ್‌ನಲ್ಲಿ ಸರ್ವೀಸಸ್ ತೆರೆದು 'ಪ್ರಿಂಟ್ ಸ್ಪೂಲರ್' ನಿಲ್ಲಿಸಿ. ಪ್ರಿಂಟ್‌ಗಳನ್ನು ಸಾಲಾಗಿ ಪ್ರಿಂಟರಿಗೆ ಕಳಿಸುವುದು ಅದೇ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಆ ಕೊನೆಯ ಫೋಲ್ಡರಿನೊಳಗೆ ಇರುವುದನ್ನೆಲ್ಲ ಅಳಿಸಿ. ಫೋಲ್ಡರ್ ಮಾತ್ರ ಇರಲಿ. ಸ್ಪೂಲರ್ ಮತ್ತೆ ಶುರು ಮಾಡಿ. ಈಗ ನಾಲ್ಕು ಪ್ರಿಂಟರಿನಲ್ಲಿ ಮೂರನ್ನು ತೆಗೆದುಹಾಕಿ. ಉಳಿದ ಒಂದರ 'ಪ್ರಿಂಟರ್ ಪ್ರಾಪರ್ಟೀಸ್'ನಲ್ಲಿ ಪೋರ್ಟ್ಸ್ ನೋಡಿ. ಯುಎಸ್‌ಬಿ001, 002, 003 ಅಂತ ಸಾಲು ಇರುತ್ತದೆ. ಒಂದೊಂದಕ್ಕೇ ಗುರುತು ಹಾಕಿ ಟೆಸ್ಟ್ ಪೇಜ್ ಕೊಡಿ. ಯಾವುದಕ್ಕೆ ಹಾಳೆ ಎಳೆಯುತ್ತದೋ ಅದೇ ನಿಮ್ಮ ಕಿಂಡಿ.

ಈ 1020ರ ಒಂದು ಸ್ವಭಾವ ಗೊತ್ತಿರಲಿ. ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ನಡೆಸುವ ಪ್ರೋಗ್ರಾಮನ್ನು, ಅದು ಒಳಗೆ ಇಟ್ಟುಕೊಂಡಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನ ಡ್ರೈವರೇ ಅದನ್ನು ಕಳಿಸಬೇಕು. ದಿನಾ ಬೆಳಗ್ಗೆ ಮೇಷ್ಟ್ರು ಅಆಇಈ ಇಂದ ಶುರು ಮಾಡಿದ ಹಾಗೆ. ಅದಕ್ಕೇ ಇದನ್ನು ವೈಫೈ ರೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚಿ ಮನೆಯವರೆಲ್ಲ ಪ್ರಿಂಟ್ ಕೊಡೋಣ ಅಂದವರು ಸೋಲುತ್ತಾರೆ, ಅಲ್ಲಿ ಕಲಿಸುವವರು ಇಲ್ಲ. ಪ್ರಿಂಟರ್ ಜೊತೆ ಬಂದಿದ್ದ ಹಳೆಯ ಸಿಡಿಯನ್ನೂ ಹಾಕಲು ಹೋಗಬೇಡಿ. ಎಕ್ಸ್‌ಪಿ ಕಾಲದ 32 ಬಿಟ್ ಡ್ರೈವರ್ ಅದರಲ್ಲಿರುವುದು, ವಿಂಡೋಸ್ 11ಕ್ಕೆ 64 ಬಿಟ್‌ನದ್ದೇ ಬೇಕು.

ಪ್ರಶ್ನೆ: ಅಕ್ಕಾ, ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಮತ್ತೆ ಹಾಕಲು ಹೋದರೆ ಡ್ರೈವ್ ಒಂದೂ ಇಲ್ಲ ಅನ್ನುತ್ತಿದೆ. 11ನೇ ತಲೆಮಾರಿನ ಐ5. ಎಸ್‌ಎಸ್‌ಡಿ (ಫೈಲ್ ಎಲ್ಲ ಇರುವ ಡ್ರೈವ್) ಹೋಗಿದೆ, ಹೊಸದು ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. - ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ದುಡ್ಡು ಜೇಬಿನಲ್ಲೇ ಇರಲಿ ತಮ್ಮಾ. ನಿನ್ನೆಯವರೆಗೆ ಓಡುತ್ತಿದ್ದ ಎಸ್‌ಎಸ್‌ಡಿ ಇನ್‌ಸ್ಟಾಲ್ ಮಾಡುವ ಹೊತ್ತಿಗೇ ಸರಿಯಾಗಿ ಸಾಯುವುದು ಅಪರೂಪ. 11ನೇ ತಲೆಮಾರಿನಿಂದ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಅನ್ನುವ ಕಂಟ್ರೋಲರ್ ಹಿಂದೆ ಇರುತ್ತದೆ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಲ್ಲಿ ಅದರ ಡ್ರೈವರ್ ಇಲ್ಲದಿದ್ದರೆ ಡ್ರೈವ್ ಕಾಣುವುದಿಲ್ಲ.

ನಿನ್ನ ಮಾಡೆಲ್‌ನ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೋ. ಸೆಟಪ್ ಫೈಲನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ಕೆಲಸ ಆಗಲ್ಲ, ಎಲ್ಲರೂ ಎಡವುವುದು ಇಲ್ಲೇ. ಅದನ್ನು ಬಿಚ್ಚಿ, ಒಳಗಿನ ಐಎನ್‌ಎಫ್ ಫೈಲ್ ಇರುವ ಫೋಲ್ಡರ್ ಹಾಕಬೇಕು. ಇನ್‌ಸ್ಟಾಲ್ ಪರದೆಯಲ್ಲಿ 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸು. 9ಎ0ಬಿ ಅಂತ ಕೊನೆಯಾಗುವ ವಿಎಂಡಿ ಕಂಟ್ರೋಲರ್ ಆರಿಸು. ಡ್ರೈವ್ ಎದ್ದು ಬರುತ್ತದೆ.

ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್ ಪುಟ) ವಿಎಂಡಿ ಆಫ್ ಮಾಡು ಅಂತಲೂ ಹೇಳುವವರಿದ್ದಾರೆ. ಡ್ರೈವ್ ಪೂರ್ತಿ ಅಳಿಸಿ ಹಾಕುವುದಾದರೆ ಅದೂ ಸರಿ. ಆದರೆ ಓಡುತ್ತಿರುವ ವಿಂಡೋಸ್ ಇಟ್ಟುಕೊಂಡು ಹಾಗೆ ಮಾಡಿದರೆ ಅದು ಬೂಟ್ ಆಗದೆ ನಿಲ್ಲುತ್ತದೆ.

ಪ್ರಶ್ನೆ: ಆಂಟಿ, ಗೇಮ್‌ಗೆ ಅಂತ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿದೆ. ಈಗ ಆನ್ ಮಾಡಿದರೆ ನೀಲಿ ಪರದೆ, ಮತ್ತೆ ರೀಸ್ಟಾರ್ಟ್, ಮತ್ತೆ ನೀಲಿ. ಅಪ್ಪನ ಆಫೀಸ್ ಫೈಲ್ ಎಲ್ಲ ಅದರಲ್ಲೇ ಇವೆ. ಅಪ್ಪನಿಗೆ ಇನ್ನೂ ಹೇಳಿಲ್ಲ. - ಪಿಯುಸಿ ವಿದ್ಯಾರ್ಥಿ, ಮೈಸೂರು

ಉತ್ತರ: ಮೊದಲು ಅಪ್ಪನಿಗೆ ಹೇಳು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಗೇಮ್ ಕೆಟ್ಟರೆ ಗೇಮ್ ಮಾತ್ರ ಮುಚ್ಚುತ್ತದೆ. ಡ್ರೈವರ್ ಹಾಗಲ್ಲ. ಬಹಳಷ್ಟು ಡ್ರೈವರ್‌ಗಳು ವಿಂಡೋಸ್‌ನ ಗರ್ಭಗುಡಿ ಅಂತಾರಲ್ಲ, ಆ ಕರ್ನೆಲ್ ಒಳಗೇ ಕೂತು ಕೆಲಸ ಮಾಡುತ್ತವೆ. ಅಲ್ಲಿ ಒಬ್ಬ ಎಡವಿದರೆ ಇಡೀ ಯಂತ್ರ ನಿಲ್ಲುತ್ತದೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಡ್ರೈವರ್ ಓದುವ ಒಂದೇ ಒಂದು ಫೈಲ್ ತಪ್ಪಾಗಿ ಹೋಗಿ, ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ನೀಲಿಯಾದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದಕ್ಕೆ ಮಾಡಿದ ಚಿಕಿತ್ಸೆಯೂ ನಿನಗೆ ಹೇಳುವಂಥದ್ದೇ: ಸೇಫ್ ಮೋಡ್‌ಗೆ, ಅಂದರೆ ತೀರಾ ಬೇಕಾದ ಡ್ರೈವರ್‌ಗಳಿಂದ ಮಾತ್ರ ವಿಂಡೋಸ್ ಓಡುವ ಸ್ಥಿತಿಗೆ, ಹೋಗಿ ಕೆಟ್ಟದ್ದನ್ನು ತೆಗೆಯುವುದು. ಎಷ್ಟೋ ಕಡೆ ಎಂಜಿನಿಯರ್‌ಗಳು ಒಂದೊಂದೇ ಯಂತ್ರದ ಮುಂದೆ ಕೂತು ಮಾಡಿದರು.

ಲೋಗೋ ಬರುವಾಗ ಪವರ್ ಗುಂಡಿ ಒತ್ತಿಹಿಡಿದು ಆಫ್ ಮಾಡು. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನಾಗಿ ರಿಪೇರಿ ಪರದೆಗೆ ಹೋಗುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತು, ಅದೇ ಸೇಫ್ ಮೋಡ್. ನಡುವೆ ಬಿಟ್‌ಲಾಕರ್ (ವಿಂಡೋಸ್ ಡ್ರೈವ್‌ಗೆ ಹಾಕುವ ಬೀಗ) ಕೀ ಕೇಳಬಹುದು, 48 ಅಂಕಿ ಇರುತ್ತದೆ. ಅದು ಸಾಮಾನ್ಯವಾಗಿ ಕಂಪ್ಯೂಟರಿಗೆ ಹಾಕಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಖಾತೆ ನಿನ್ನ ಅಪ್ಪನದ್ದು. ಅದಕ್ಕೇ ಹೇಳು ಅಂದಿದ್ದು.

ಸೇಫ್ ಮೋಡ್‌ನಲ್ಲಿ ಅಕ್ಷರ ದಪ್ಪ ದಪ್ಪ ಕಂಡರೆ ಹೆದರಬೇಡ. ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ರೋಲ್ ಬ್ಯಾಕ್. ಅದಾಗದಿದ್ದರೆ ಅನ್‌ಇನ್‌ಸ್ಟಾಲ್, ಡ್ರೈವರ್ ಫೈಲನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿ. ಗುರುತು ಹಾಕದಿದ್ದರೆ ರೀಸ್ಟಾರ್ಟ್ ಆದಾಗ ಅದೇ ಡ್ರೈವರ್ ಎದ್ದು ಬರುತ್ತದೆ. ಅಪ್ಪನ ಫೈಲ್‌ಗಳಿಗೆ ಇದರಿಂದ ಏನೂ ಆಗಲ್ಲ.

ಪ್ರಶ್ನೆ: ಪೆನ್‌ಡ್ರೈವ್ ಹಾಕಿದರೆ 'ಅನ್‌ನೋನ್ ಯುಎಸ್‌ಬಿ ಡಿವೈಸ್', ಕೋಡ್ 43. ಯಾವ ಡ್ರೈವರ್ ಹಾಕಲಿ? - ಕೆ.ಜಿ.ಎಫ್.ನ ಓದುಗರು

ಉತ್ತರ: ಯಾವುದೂ ಬೇಡ. ಸಿಪಿಯು ಹಿಂಭಾಗದ ಕಿಂಡಿಗೆ ಹಾಕಿ ನೋಡಿ, ಆಮೇಲೆ ಪಕ್ಕದ ಮನೆಯ ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲೂ 43 ಅಂದರೆ ಪೆನ್‌ಡ್ರೈವ್ ತೀರಿಕೊಂಡಿದೆ. (ನೀವೂ ನಂಬರ್ ಬರೆದಿದ್ದೀರಿ. ಒಬ್ಬರೇ ಒಬ್ಬರು ಅಂತ ಮೇಲೆ ಬರೆದದ್ದನ್ನು ವಾಪಸ್ ತೆಗೆದುಕೊಂಡೆ.)

ಪ್ರಶ್ನೆ: ಮೊನ್ನೆ ಸಿಡಿಲು ಹೊಡೆದ ಮೇಲೆ ನೆಟ್ ಬರುತ್ತಿಲ್ಲ. ಮೋಡೆಮ್ ಹೊಸದು ಹಾಕಿಸಿದೆವು, ಫೋನ್‌ಗಳಿಗೆ ವೈಫೈ ಬರುತ್ತದೆ. ಕಂಪ್ಯೂಟರ್‌ಗೆ ಮಾತ್ರ ಇಲ್ಲ. ಲ್ಯಾನ್ ಡ್ರೈವರ್ ಹಾಕಲು ಹೋದರೆ 'ಯಂತ್ರವೇ ಸಿಗುತ್ತಿಲ್ಲ' ಅನ್ನುತ್ತದೆ. - ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಭರಣಿ ಮಳೆ ಧರಣಿ ಬೆಳೆ ಅಂತಾರೆ. ನನ್ನ ಅಂಗಡಿಗೂ ಅದೇ ಬೆಳೆ. ಮೊದಲ ಗುಡುಗು ಮಳೆಯ ಮರುದಿನ ಬಾಗಿಲು ತೆಗೆಯುವಷ್ಟರಲ್ಲಿ ಮೂರ್ನಾಲ್ಕು ಸಿಪಿಯು ಮೆಟ್ಟಿಲ ಮೇಲೆ ಕೂತಿರುತ್ತವೆ. ಸಿಡಿಲಿನ ಹೊಡೆತ ಟೆಲಿಫೋನ್ ತಂತಿಯಲ್ಲೋ ಕರೆಂಟಿನಲ್ಲೋ ಮೋಡೆಮ್‌ಗೆ ಬಂದು, ಅಲ್ಲಿಂದ ಲ್ಯಾನ್ ವೈರ್ ಹಿಡಿದು ಕಂಪ್ಯೂಟರಿನ ಲ್ಯಾನ್ ಚಿಪ್ಪನ್ನು ಸುಟ್ಟಿರುತ್ತದೆ. ಯುಪಿಎಸ್ ಇದ್ದರೂ ಆ ದಾರಿಗೆ ಅದು ಅಡ್ಡ ಇಲ್ಲ.

ಆದರೂ ನೋಡದೆ ತೀರ್ಪು ಕೊಡುವುದು ಬೇಡ. ಹಿಂದಿನ ಕಿಂಡಿಯಲ್ಲಿ ಲ್ಯಾನ್ ವೈರ್ ಹಾಕಿದಾಗ ಹಸಿರು, ಕಿತ್ತಳೆ ದೀಪ ಮಿನುಗುತ್ತವೆಯೇ ನೋಡಿ. ಇಲ್ಲದಿದ್ದರೆ ಸಿಪಿಯು ಆಫ್ ಮಾಡಿ, ಕರೆಂಟ್ ವೈರ್ ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಿ, ಸಿಕ್ಕಿಹಾಕಿಕೊಂಡ ಚಿಪ್ ಕೆಲವು ಸಲ ಎದ್ದು ಕೂರುತ್ತದೆ. ಅದಕ್ಕೂ ಏಳದಿದ್ದರೆ ವಿಂಡೋಸ್ ಬದಲಿಗೆ ಓಡುವ ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ 'ಟ್ರೈ' ಅಂತ ಒತ್ತಿ ನೋಡಿ. ಅಲ್ಲಿ ನೆಟ್ ಬಂದರೆ ಚಿಪ್ ಬದುಕಿದೆ, ತೊಂದರೆ ವಿಂಡೋಸ್‌ನದ್ದು. ಅಲ್ಲೂ ಇಲ್ಲ ಅಂದರೆ ಯಾವ ಡ್ರೈವರೂ ಸತ್ತ ಚಿಪ್ಪನ್ನು ಎಬ್ಬಿಸಲ್ಲ.

ಹಾಗಂತ ಮದರ್‌ಬೋರ್ಡ್ ಬದಲಿಸಿ ಅನ್ನುವವರ ಮಾತು ಕೇಳಬೇಡಿ. ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಅಥವಾ ವೈಫೈ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೈಫೈನದ್ದೇ ತಗೊಳ್ಳಿ. ಮೋಡೆಮ್‌ಗೂ ಕಂಪ್ಯೂಟರ್‌ಗೂ ನಡುವೆ ತಂತಿಯೇ ಇಲ್ಲದಿದ್ದರೆ ಮುಂದಿನ ಸಿಡಿಲು ಆ ದಾರಿಯಲ್ಲಿ ಬರುವ ಹಾಗಿಲ್ಲ. ಮೋಡೆಮ್‌ನ ಪ್ಲಗ್, ಕಂಪ್ಯೂಟರಿನ ಪ್ಲಗ್ ಎರಡನ್ನೂ ಗುಡುಗುವ ಮುಂಚೆ ಕೀಳಿ. ನಿಮ್ಮ ಕಡೆ ಸಂಜೆ ನಾಲ್ಕಕ್ಕೇ ಮೋಡ ಕಟ್ಟುತ್ತದೆ, ನೀವು ತೋಟದಲ್ಲಿ ಇರುತ್ತೀರಿ. ಶಾಲೆಯಿಂದ ಬಂದ ಮಕ್ಕಳಿಗೆ ಆ ಕೆಲಸ ಹಚ್ಚಿ.